ಕೃಷಿ ಭವನದಿಂದ ಪೂಸಾದವರೆಗೆ

ಊರಿನಿಂದ ನೆಂಟರು ಬಂದಾಗ ದಿಲ್ಲಿ ತೋರಿಸುವ ಜವಾಬ್ದಾರಿ ಈಗೀಗ ನಿಮ್ಮ ಹೆಗಲಿಗೇ ಬೀಳುತ್ತಿದೆ. ಅಪ್ಪ ಅಮ್ಮ ಇಬ್ಬರಿಗೂ ಆಫೀಸು. ಮೆಟ್ರೋದಲ್ಲಿ ಯಾವ ಬಣ್ಣದ ಲೈನಿನಿಂದ ಯಾವುದಕ್ಕೆ ಎಲ್ಲಿ ಬದಲಾಯಿಸಬೇಕೆಂಬುದೂ ಅವರಿಗಿಂತ ನಿಮಗೇ ಚೆನ್ನಾಗಿ ಗೊತ್ತು. ಕುತುಬ್ ಮಿನಾರ್, ಕೆಂಪು ಕೋಟೆ, ರಾಜಘಾಟ್, ಇಂಡಿಯಾ ಗೇಟ್, ಸಂಜೆಗೆ ಕರೋಲ್ ಬಾಗಿನಲ್ಲಿ ಸ್ವೆಟರು ಶಾಲುಗಳ ಖರೀದಿ. ನಮ್ಮ ಸಂಘದ ಎಲ್ಲರ ಮನೆಯಲ್ಲೂ ಬಾಯಿಪಾಠವಾಗಿರುವ ಪಟ್ಟಿ ಇದು.

ಮುಂದಿನ ಸಲ ಬರುವವರು ಹೊಲ ಗದ್ದೆ ಮಾಡಿಸುವ ದೊಡ್ಡಪ್ಪನೋ ಸೋದರಮಾವನೋ ಆಗಿದ್ದರೆ, ಒಂದು ದಿನವನ್ನು ಬೇರೆ ದಾರಿಗೆ ಮೀಸಲಿಡಿ ಎಂದು ನಾನು ಹೇಳಬೇಕೆಂದಿದ್ದೇನೆ. ನಿಮ್ಮಲ್ಲಿ ಹಲವರಿಗೆ ಅವರೊಡನೆ "ಚೆನ್ನಾಗಿದ್ದೀರಾ, ಊಟ ಆಯ್ತಾ" ಎಂದ ಮೇಲೆ ಮಾತು ಮುಂದೆ ಹೋಗುವುದಿಲ್ಲ. ಅವರಿಗೆ ಗೊತ್ತಿರುವುದು ಮುಂಗಾರು, ಬಿತ್ತನೆ ಬೀಜ, ಮಂಡಿಯ ಬೆಲೆ, ಕೂಲಿ ಆಳು ಸಿಗದ ಕಷ್ಟ. ನಿಮಗೆ ಗೊತ್ತಿರುವುದು ಬೇರೆಯೇ ಪ್ರಪಂಚ. ಆದರೆ ಅವರು ಉಳುವ ಜಮೀನಿನ ಪಹಣಿಯಲ್ಲಿ ಒಂದು ದಿನ ನಿಮ್ಮ ಹೆಸರೂ ಸೇರಬಹುದು. ಇಟ್ಟುಕೊಳ್ಳುವುದೋ ಮಾರುವುದೋ ಎಂದು ಆ ದಿನ ನಿಮ್ಮನ್ನೇ ಕೇಳುತ್ತಾರೆ. ಆಗ ಉತ್ತರ ಹೇಳಲು ಕೊಂಚ ವಿಷಯ ತಿಳಿದಿರಬೇಕಲ್ಲವೆ? ಆ ಜಮೀನಿನ ಭವಿಷ್ಯವನ್ನು ಅರ್ಧದಷ್ಟು ಬರೆಯುವ ಕಟ್ಟಡಗಳು ಇರುವುದು ನೀವು ಹುಟ್ಟಿ ಬೆಳೆದ ಈ ಊರಿನಲ್ಲೇ.

ಮೊದಲು ಸೆಂಟ್ರಲ್ ಸೆಕ್ರೆಟೇರಿಯಟ್ ನಿಲ್ದಾಣದಲ್ಲಿ ಇಳಿಯಿರಿ. ಮೇಲೆ ಬಂದರೆ ರಾಜೇಂದ್ರ ಪ್ರಸಾದ್ ರಸ್ತೆಯ ಕಡೆಗೆ ರೈಲು ಭವನ, ಶಾಸ್ತ್ರಿ ಭವನಗಳ ನೆರೆಯಲ್ಲಿ ಕೃಷಿ ಭವನ. ಹೊರಗಿನಿಂದ ನೋಡಿ ಬೆರಗಾಗುವಂಥದ್ದೇನೂ ಇಲ್ಲ. ಸ್ವಾತಂತ್ರ್ಯ ಬಂದ ಮೇಲಿನ ದಶಕದಲ್ಲಿ ಎದ್ದ ಸರಕಾರಿ ಕಟ್ಟಡಗಳ ಮುಖವೇ ಅದು. ಹಲವು ದಶಕಗಳ ಕಾಲ ಕೇಂದ್ರ ಕೃಷಿ ಮಂತ್ರಾಲಯದ ಮನೆ ಇದೇ ಆಗಿತ್ತು. ಸೆಂಟ್ರಲ್ ವಿಸ್ಟಾ ಯೋಜನೆಯಲ್ಲಿ ಕೆಡವಬೇಕಾದ ಕಟ್ಟಡಗಳ ಪಟ್ಟಿಗೆ ಇದರ ಹೆಸರೂ ಸೇರಿದೆ. ಹೊಸ ಕರ್ತವ್ಯ ಭವನಗಳಲ್ಲಿ ಮೊದಲನೆಯದು 2025ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು. ಹಾಗಾಗಿ ನೋಡುವುದಿದ್ದರೆ ಬೇಗ ನೋಡಿ. ಒಳಗೆ ಬಿಡುವುದಿಲ್ಲ, ಪಾಸು ಬೇಕು. ಹೊರಗಿನ ಪಾದಚಾರಿ ದಾರಿಯಲ್ಲಿ ನಿಂತು ದೊಡ್ಡಪ್ಪನಿಗೆ ಒಂದು ಕಥೆ ಹೇಳಿ. ಕಟ್ಟಡಕ್ಕಿಂತ ಕಥೆಯೇ ಚೆನ್ನಾಗಿದೆ.

ಭಾರತ ಸರಕಾರದಲ್ಲಿ ಕೃಷಿಗೆಂದು ಮೊದಲು ಒಂದು ಇಲಾಖೆ ಹುಟ್ಟಿದ್ದು 1871ರಲ್ಲಿ, ಲಾರ್ಡ್ ಮೇಯೋ ವೈಸರಾಯ್ ಆಗಿದ್ದಾಗ. ಹೆಸರು ಕಂದಾಯ, ಕೃಷಿ ಮತ್ತು ವಾಣಿಜ್ಯ ಇಲಾಖೆ. ಹೆಸರಿನಲ್ಲೇ ಕಂದಾಯ ಮೊದಲು, ಕೃಷಿ ಆಮೇಲೆ! ಮ್ಯಾಂಚೆಸ್ಟರಿನ ಗಿರಣಿಗಳಿಗೆ ಒಳ್ಳೆಯ ಹತ್ತಿ ಬೇಕೆಂಬ ಒತ್ತಾಯವೂ ಅದರ ಹಿಂದಿತ್ತು. ಅದರ ಕಾರ್ಯದರ್ಶಿ ಯಾರೆಂದು ಕೇಳಿದರೆ ನಿಮ್ಮ ಶಾಲೆಯ ಇತಿಹಾಸ ಪುಸ್ತಕದಲ್ಲೇ ಉತ್ತರ ಇದೆ: ಎ. ಓ. ಹ್ಯೂಮ್, ಮುಂದೆ 1885ರಲ್ಲಿ ಕಾಂಗ್ರೆಸ್ ಸ್ಥಾಪಿಸಿದವರಲ್ಲಿ ಒಬ್ಬರು. ಇಲಾಖೆ 1879ರಲ್ಲಿ ಮುಚ್ಚಿಯೂ ಹೋಯಿತು. ಅದನ್ನು 1881ರಲ್ಲಿ ಮತ್ತೆ ತೆರೆಸಿದ್ದು ಬರಗಾಲ.

ಆ ಬರಗಾಲ ನಮ್ಮದು ಎಂಬುದನ್ನು ಮರೆಯಬೇಡಿ. 1876ರಿಂದ 78ರವರೆಗಿನ ಆ ಬರಕ್ಕೆ ಮೈಸೂರು, ಬಳ್ಳಾರಿ, ಧಾರವಾಡ ಸೀಮೆಗಳು ನಲುಗಿ ಹೋದವು. ಧಾತು, ಈಶ್ವರ ಸಂವತ್ಸರಗಳ ಬರ ಎಂದು ಹಳಬರು ಹೇಳುತ್ತಿದ್ದುದು ಇದನ್ನೇ. 1871ರ ಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಬರಗಾಲ ಆಯೋಗ 1880ರಲ್ಲಿ ವರದಿ ಕೊಟ್ಟಿತು, ಪ್ರಾಂತ್ಯಗಳಲ್ಲೂ ಕೃಷಿ ಇಲಾಖೆಗಳು ಬೇಕೆಂದಿತು. ಅಂದರೆ ಕೃಷಿ ಭವನದ ಅಡಿಪಾಯದಲ್ಲಿ ನಮ್ಮ ಮುತ್ತಜ್ಜಂದಿರ ಹಸಿವೂ ಇದೆ.

ಈಗ ದೊಡ್ಡಪ್ಪ ಒಂದು ಪ್ರಶ್ನೆ ಕೇಳಬಹುದು. "ಕೃಷಿ ರಾಜ್ಯದ ವಿಷಯ ಅಂತಾರಲ್ಲ, ಮತ್ತೆ ದಿಲ್ಲೀಲಿ ಇವರಿಗೇನು ಕೆಲಸ?" ಒಳ್ಳೆಯ ಪ್ರಶ್ನೆ. ಸಂವಿಧಾನದಲ್ಲಿ ಕೃಷಿ ರಾಜ್ಯಪಟ್ಟಿಯ 14ನೆಯ ವಿಷಯ. ಕೃಷಿ ಇಲಾಖೆಯ ಅಧಿಕಾರಿ, ರೈತ ಸಂಪರ್ಕ ಕೇಂದ್ರ, ಎ.ಪಿ.ಎಂ.ಸಿ. ಎಲ್ಲವೂ ಬೆಂಗಳೂರಿನ ಕೈಯಲ್ಲಿ. ಆದರೆ ಆಹಾರಧಾನ್ಯದ ವ್ಯಾಪಾರ ಇಬ್ಬರಿಗೂ ಸೇರಿದ ಪಟ್ಟಿಯಲ್ಲಿದೆ, ಆಮದು ರಫ್ತು ಪೂರಾ ಕೇಂದ್ರದ್ದು, ದೊಡ್ಡ ಸಂಶೋಧನೆಯ ಖರ್ಚು ಕೇಂದ್ರದ್ದು, ಹಣದ ಥೈಲಿಯೂ ಹೆಚ್ಚಾಗಿ ಕೇಂದ್ರದ್ದೇ. ವರ್ಷಕ್ಕೆ ಮೂರು ಸಲ ಎರಡೆರಡು ಸಾವಿರ ರೂಪಾಯಿ ಬಂತೆಂದು ಅವರ ಮೊಬೈಲಿಗೆ ಬರುವ ಸಂದೇಶ 2019ರ ಫೆಬ್ರವರಿಯಲ್ಲಿ ಶುರುವಾದ ಪಿ.ಎಂ. ಕಿಸಾನ್ ಯೋಜನೆಯದು, ಇದೇ ಮಂತ್ರಾಲಯದ್ದು.

ಹಾಗೆಂದು ಎಲ್ಲವೂ ಒಂದೇ ಮಂತ್ರಿಯ ಬಳಿ ಇದೆ ಎಂದುಕೊಳ್ಳಬೇಡಿ. ಬೀಜ ಕೃಷಿ ಮಂತ್ರಾಲಯದ್ದು. ಗೊಬ್ಬರ ರಾಸಾಯನಿಕ ಮತ್ತು ರಸಗೊಬ್ಬರ ಮಂತ್ರಾಲಯದ್ದು. ನೀರು ಜಲಶಕ್ತಿಯದು. ಹಸು ಎಮ್ಮೆ ಮೀನುಗಳಿಗೆ 2019ರಿಂದ ಪ್ರತ್ಯೇಕ ಮಂತ್ರಾಲಯ. ಬೆಳೆದದ್ದನ್ನು ಕೊಂಡು ದಾಸ್ತಾನು ಮಾಡುವುದು ಆಹಾರ ಮತ್ತು ಸಾರ್ವಜನಿಕ ವಿತರಣೆಯವರದು. ಒಂದೇ ಮನೆಯಲ್ಲಿ ಐದು ಒಲೆ ಹೂಡಿದ ಹಾಗೆ! ರೈತನಿಗಂತೂ ಬೀಜ, ಗೊಬ್ಬರ, ನೀರು, ಬೆಲೆ ಎಲ್ಲ ಒಂದೇ ಹೊಲದಲ್ಲಿ ಒಟ್ಟಿಗೇ ಬರುತ್ತವೆ. ಮಂತ್ರಾಲಯದ ಹೆಸರಿಗೆ 2015ರಲ್ಲಿ "ರೈತರ ಕಲ್ಯಾಣ" ಎಂಬ ಮಾತು ಸೇರಿತು. ಒಲೆಗಳು ಮಾತ್ರ ಒಂದಾಗಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಬೆಂಬಲ ಬೆಲೆ. ಪತ್ರಿಕೆಯಲ್ಲಿ ಎಂ.ಎಸ್.ಪಿ. ಎಂದು ಓದಿ ನೀವು ಪುಟ ತಿರುಗಿಸಿದ್ದೀರಿ, ನನಗೆ ಗೊತ್ತು. ಕೃಷಿ ಬೆಲೆ ಆಯೋಗ ಸ್ಥಾಪನೆಯಾದದ್ದು 1965ರ ಜನವರಿಯಲ್ಲಿ. 1985ರಿಂದ ಅದರ ಹೆಸರು ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ. ಆಯೋಗ ಶಿಫಾರಸು ಮಾಡುತ್ತದೆ, ಕೇಂದ್ರ ಸಂಪುಟದ ಸಮಿತಿ ತೀರ್ಮಾನಿಸುತ್ತದೆ. ಒಟ್ಟು 22 ಬೆಳೆಗಳು, ಅದಲ್ಲದೆ ಕಬ್ಬಿಗೆ ಬೇರೆ ಲೆಕ್ಕ. ನಮ್ಮ ರಾಗಿಯನ್ನೇ ನೋಡಿ: 2014-15ರಲ್ಲಿ ಕ್ವಿಂಟಾಲಿಗೆ 1,550 ರೂಪಾಯಿ ಇದ್ದದ್ದು 2025-26ರ ಮುಂಗಾರಿಗೆ 4,886 ಆಯಿತು. ಅದೇ ವರ್ಷ ಸಾಮಾನ್ಯ ಭತ್ತಕ್ಕೆ 2,369. ಕಾಗದದ ಮೇಲೆ ರಾಗಿಯೇ ರಾಜ. ಆದರೆ ಬೆಲೆ ಸಾರುವುದು ಬೇರೆ, ಆ ಬೆಲೆಗೆ ಕೊಳ್ಳುವುದು ಬೇರೆ. ಪಂಜಾಬು ಹರಿಯಾಣಗಳಲ್ಲಿ ಗೋಧಿ ಭತ್ತಗಳನ್ನು ಮಂಡಿಯ ಬಾಗಿಲಲ್ಲೇ ಸರಕಾರ ಕೊಳ್ಳುತ್ತದೆ. ಎಷ್ಟೋ ಬೆಳೆಗಳಿಗೆ, ಎಷ್ಟೋ ರಾಜ್ಯಗಳಲ್ಲಿ, ಬೆಂಬಲ ಬೆಲೆ ಎಂಬುದು ಬರೀ ಸುದ್ದಿ. ದೊಡ್ಡಪ್ಪನನ್ನೇ ಕೇಳಿ: ರಾಗಿ ಖರೀದಿ ಕೇಂದ್ರ ಯಾವ ತಿಂಗಳು ತೆರೆಯಿತು, ಎಕರೆಗೆ ಎಷ್ಟು ಕ್ವಿಂಟಾಲಿಗೆ ಮಿತಿ ಹಾಕಿದರು, ಹಣ ಖಾತೆಗೆ ಬರಲು ಎಷ್ಟು ದಿನ ಹಿಡಿಯಿತು. ಈ ಮೂರು ಪ್ರಶ್ನೆ ಕೇಳಿದರೆ ಸಾಕು, ಆ ದಿನವೆಲ್ಲ ಅವರೇ ಮಾತಾಡುತ್ತಾರೆ.

ವೆಚ್ಚ ಎಂದರೆ ಏನನ್ನು ಸೇರಿಸಬೇಕು ಎಂಬುದರ ಮೇಲೂ ದೊಡ್ಡ ಜಗಳವಿದೆ. ಎಂ. ಎಸ್. ಸ್ವಾಮಿನಾಥನ್ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗ (2004-06) ಖರ್ಚಿನ ಮೇಲೆ ಕನಿಷ್ಠ ಶೇ. 50 ಹೆಚ್ಚು ಕೊಡಿ ಎಂದಿತು. ಸರಕಾರ ಕೈಯಿಂದ ಹಾಕಿದ ಹಣಕ್ಕೆ ಮನೆಯವರ ದುಡಿಮೆಯ ಬೆಲೆ ಸೇರಿಸಿ, ಅದರ ಮೇಲೆ ಶೇ. 50 ಕೊಡುತ್ತಿದ್ದೇನೆ ಎನ್ನುತ್ತದೆ. ಸ್ವಂತ ಜಮೀನಿನ ಗೇಣಿಯ ಬೆಲೆ, ಬಂಡವಾಳದ ಬಡ್ಡಿ ಎಲ್ಲಿ ಸೇರಿತು ಎಂದು ರೈತ ಸಂಘಟನೆಗಳು ಕೇಳುತ್ತವೆ. 2020ರ ಸೆಪ್ಟೆಂಬರಿನಲ್ಲಿ ಮೂರು ಕೃಷಿ ಕಾಯಿದೆಗಳು ಬಂದಾಗ ನವೆಂಬರ್ 26ರಿಂದ ಸಿಂಘು, ಟಿಕ್ರಿ, ಗಾಜೀಪುರ ಗಡಿಗಳಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತದ್ದು ನಿಮಗೆ ನೆನಪಿರಬೇಕು. ಚಳಿ, ಬಿಸಿಲು, ಮಳೆ ಎಲ್ಲ ಕಳೆದು 2021ರ ನವೆಂಬರಿನಲ್ಲಿ ಸಂಸತ್ತು ಆ ಕಾಯಿದೆಗಳನ್ನು ರದ್ದುಗೊಳಿಸಿತು. ಆಗ ನಿಮ್ಮಲ್ಲಿ ಕೆಲವರು "ಟ್ರಾಫಿಕ್ ಜಾಮ್" ಎಂದಷ್ಟೇ ಗೊಣಗಿದ್ದೀರಿ. ಅಲ್ಲಿ ನಡೆಯುತ್ತಿದ್ದ ವಾದದ ಮೂಲವಾದರೂ ಇದೇ ಲೆಕ್ಕ.

ಕೃಷಿ ಭವನದ ಮುಂದೆ ಇಷ್ಟು ಹೊತ್ತು ನಿಂತರೆ ಪೊಲೀಸಿನವರು ವಿಚಾರಿಸಿಯಾರು. ಹೊರಡೋಣ.

ಪೂಸಾ ರೋಡು ಎಂದರೆ ನಿಮಗೆ ಕೋಚಿಂಗ್ ಕ್ಲಾಸುಗಳು. ಅದೇ ಹೆಸರು ಹೊತ್ತ ಪೂಸಾ ಸಂಸ್ಥೆಯ ಒಳಗೆ ಕಾಲಿಟ್ಟವರು ನಿಮ್ಮಲ್ಲಿ ಕಡಿಮೆ. ಬ್ಲೂ ಲೈನಿನಲ್ಲಿ ರಾಜೇಂದ್ರ ಪ್ಲೇಸ್ ಅಥವಾ ಪಟೇಲ್ ನಗರದಲ್ಲಿ ಇಳಿದು ರಿಕ್ಷಾ ಹಿಡಿದರೆ ಗೇಟು. ಗೇಟು ದಾಟಿದ ಕೂಡಲೇ ದಿಲ್ಲಿ ಹಿಂದೆ ಸರಿಯುತ್ತದೆ. ಎಡಬಲಕ್ಕೂ ಗದ್ದೆ, ಸಾಲುಸಾಲು ಸಣ್ಣ ಮಡಿಗಳು, ಮಡಿಗೊಂದು ಚೀಟಿ, ದೂರದಲ್ಲಿ ನವಿಲಿನ ಕೂಗು. ಸುಮಾರು 500 ಹೆಕ್ಟೇರು, ಅಂದರೆ ದೊಡ್ಡಪ್ಪನ ಲೆಕ್ಕದಲ್ಲಿ 1,250 ಎಕರೆ. ರಾಜಧಾನಿಯ ನಡುವೆ ಇಷ್ಟು ಜಾಗ ಗೋಧಿಗೂ ಸಾಸಿವೆಗೂ ಉಳಿದುಕೊಂಡಿರುವುದು ಒಂದು ಪವಾಡ.

ಇದು ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ. ಪೂಸಾ ಎಂಬುದು ದಿಲ್ಲಿಯ ಹೆಸರೇ ಅಲ್ಲ. ಬಿಹಾರದಲ್ಲಿ ಪೂಸಾ ಎಂಬ ಊರಿದೆ. ಹೆನ್ರಿ ಫಿಪ್ಸ್ ಎಂಬ ಅಮೆರಿಕದ ಧನಿಕ 30,000 ಪೌಂಡು ದಾನ ಕೊಟ್ಟ. ಲಾರ್ಡ್ ಕರ್ಜನ್ 1905ರ ಏಪ್ರಿಲ್ 1ರಂದು ಅಲ್ಲಿ ಅಡಿಗಲ್ಲು ಹಾಕಿದ. ಫಿಪ್ಸ್‌ನ ಪಿ ಮತ್ತು ಯು.ಎಸ್.ಎ. ಸೇರಿ ಪೂಸಾ ಆಯಿತೆಂದು ಕೆಲವರು ನಿಮಗೆ ಕಥೆ ಹೇಳುತ್ತಾರೆ. ನಂಬಬೇಡಿ, ಆ ಎಸ್ಟೇಟಿಗೆ ಮೊದಲೇ ಆ ಹೆಸರಿತ್ತು. 1934ರ ಜನವರಿ 15ರ ಬಿಹಾರ ಭೂಕಂಪದಲ್ಲಿ ಕಟ್ಟಡ ಬಿರುಕು ಬಿಟ್ಟು ಹಾಳಾಯಿತು. ಸಂಸ್ಥೆ 1936ರಲ್ಲಿ ದಿಲ್ಲಿಗೆ ಬಂತು, ಬರುವಾಗ ಊರಿನ ಹೆಸರನ್ನೂ ಜೊತೆಗೆ ತಂದಿತು. ವಲಸೆ ಬಂದವರು ಹಾಗೇ ಅಲ್ಲವೆ? ನಮ್ಮ ಹೆಸರಿನ ಮುಂದೆ ಒಂದು ಊರಿನ ಅಕ್ಷರವಿರುವುದೂ ಅದಕ್ಕೇ.

ಸಂಸ್ಥೆಗಳ ಸಂಬಂಧ ಇಷ್ಟು ತಿಳಿದಿರಲಿ. ಭಾರತೀಯ ಕೃಷಿ ಸಂಶೋಧನಾ ಮಂಡಳಿ, ಅಂದರೆ ಐ.ಸಿ.ಎ.ಆರ್., 1929ರಲ್ಲಿ ಹುಟ್ಟಿದ್ದು. ಪೂಸಾ ಸಂಸ್ಥೆಯೂ ದೇಶದಲ್ಲಿರುವ 700ಕ್ಕೂ ಹೆಚ್ಚು ಕೃಷಿ ವಿಜ್ಞಾನ ಕೇಂದ್ರಗಳೂ ಅದರ ಬಳಗಕ್ಕೇ ಸೇರಿದವು. ನಿಮ್ಮ ಜಿಲ್ಲೆಯಲ್ಲೂ ಒಂದು ಕೇಂದ್ರ ಇದ್ದೇ ಇರುತ್ತದೆ, ದೊಡ್ಡಪ್ಪನಿಗೆ ಗೊತ್ತಿರುತ್ತದೆ.

ಪೂಸಾದ ದೊಡ್ಡ ಕಥೆ ಗೋಧಿಯದು. 1960ರ ದಶಕದ ನಡುವಿನಲ್ಲಿ ಎರಡು ವರ್ಷ ಸಾಲಾಗಿ ಮಳೆ ಕೈಕೊಟ್ಟಿತು. ಅಮೆರಿಕದ ಪಿ.ಎಲ್. 480 ಕಾಯಿದೆಯಡಿ ಹಡಗುಗಳಲ್ಲಿ ಗೋಧಿ ಬರುತ್ತಿತ್ತು. 1966ರಲ್ಲಿ ಸುಮಾರು 1 ಕೋಟಿ ಟನ್ ಧಾನ್ಯ ಆಮದಾಯಿತು. ಹಡಗಿನಿಂದ ನೇರ ಬಾಯಿಗೆ ಎಂದು ಜನ ಆಡಿಕೊಳ್ಳುತ್ತಿದ್ದ ಕಾಲ. ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಲಾಲ್ ಬಹಾದುರ್ ಶಾಸ್ತ್ರಿ ಕೇಳಿಕೊಂಡದ್ದನ್ನು ನಿಮ್ಮ ಅಜ್ಜಿಯ ಬಾಯಲ್ಲಿ ಕೇಳಿ. ಸೋಮವಾರದ ರಾತ್ರಿ ಒಲೆ ಹಚ್ಚದ ಮನೆಗಳು ನಮ್ಮ ಕಡೆಯೂ ಇದ್ದವು.

ಆಗ ಆಹಾರ ಮತ್ತು ಕೃಷಿ ಮಂತ್ರಿ ಸಿ. ಸುಬ್ರಹ್ಮಣ್ಯಂ. ತೊಂದರೆ ಎಲ್ಲಿತ್ತೆಂದರೆ, ನಮ್ಮ ಗೋಧಿ ಗಿಡ ಎತ್ತರದ್ದು. ಗೊಬ್ಬರ ಹಾಕಿದಷ್ಟೂ ಇನ್ನೂ ಎತ್ತರ ಬೆಳೆದು ತೆನೆಯ ಭಾರಕ್ಕೆ ನೆಲಕ್ಕೆ ಒರಗುತ್ತಿತ್ತು. ಜಪಾನಿನ ನೋರಿನ್-10 ಎಂಬ ಕುಳ್ಳ ತಳಿಯ ಗುಣವನ್ನು ಮೆಕ್ಸಿಕೋದಲ್ಲಿ ನಾರ್ಮನ್ ಬೋರ್ಲಾಗ್ ತಮ್ಮ ಗೋಧಿಗೆ ಸೇರಿಸಿದ್ದರು. ಪೂಸಾದಲ್ಲಿದ್ದ ಸ್ವಾಮಿನಾಥನ್ ಅವರ ಪ್ರಯತ್ನದಿಂದ ಬೋರ್ಲಾಗ್ 1963ರಲ್ಲಿ ಇಲ್ಲಿಗೆ ಬಂದರು, ಬೀಜ ಕಳಿಸಿದರು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಗೋಧಿಯನ್ನೇ ತರಿಸಲಾಯಿತು. ಅಷ್ಟು ಬೀಜವನ್ನು ಒಮ್ಮೆಗೇ ಆಮದು ಮಾಡುವ ಧೈರ್ಯ ಸಾಮಾನ್ಯದ್ದಲ್ಲ. ವಿದೇಶಿ ವಿನಿಮಯ ಇಲ್ಲದ ಕಾಲದಲ್ಲಿ ಅದಕ್ಕೆ ಮಂತ್ರಿ ಸಹಿ ಹಾಕಬೇಕಿತ್ತು, ಸಂಸತ್ತಿನಲ್ಲಿ ಬೈಗುಳ ತಿನ್ನಬೇಕಿತ್ತು. ವಿಜ್ಞಾನಿಯ ಕೆಲಸ ಎಲ್ಲಿ ಮುಗಿದು ಮಂತ್ರಾಲಯದ ಕೆಲಸ ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಬಂದ ಗೋಧಿಯ ಕಾಳು ಕೆಂಪು. ನಮ್ಮ ಉತ್ತರದ ಹೆಂಗಸರು ರೊಟ್ಟಿ ಮಾಡಿ ನೋಡಿ ಮೂಗು ಮುರಿದರು. ಅವರಿಗೆ ಬೇಕಾದದ್ದು ಹೊನ್ನಿನ ಬಣ್ಣದ ಶರಬತಿ ಗೋಧಿ. ಹಾಗಾಗಿ ಇಲ್ಲಿನ ವಿಜ್ಞಾನಿಗಳು ಆರಿಸಿ, ಬೆಳೆಸಿ ಕಲ್ಯಾಣ್ ಸೋನಾ, ಸೋನಾಲಿಕಾ ಎಂಬ ತಳಿಗಳನ್ನು ಹೊರತಂದರು. 1965-66ರಲ್ಲಿ 1 ಕೋಟಿ 4 ಲಕ್ಷ ಟನ್ ಇದ್ದ ಗೋಧಿ 1967-68ರಲ್ಲಿ 1 ಕೋಟಿ 65 ಲಕ್ಷ ಟನ್ ಆಯಿತು. ಇಡಲು ಜಾಗವಿಲ್ಲದೆ ಶಾಲೆಗಳಿಗೆ ರಜೆ ಕೊಟ್ಟು ಅಲ್ಲಿ ಗೋಧಿ ತುಂಬಿಸಿದರು. 1968ರ ಜುಲೈನಲ್ಲಿ ಇಂದಿರಾ ಗಾಂಧಿ "ಗೋಧಿ ಕ್ರಾಂತಿ"ಯ ಅಂಚೆಚೀಟಿ ಬಿಡುಗಡೆ ಮಾಡಿದರು. ನಿಮ್ಮ ಅಪ್ಪನ ಹಳೆಯ ಅಂಚೆಚೀಟಿ ಪುಸ್ತಕದಲ್ಲಿ ಇದ್ದರೂ ಇರಬಹುದು, ಹುಡುಕಿ: ಅದರಲ್ಲಿ ತೆನೆಯ ಜೊತೆಗೆ ಇರುವ ಕಟ್ಟಡ ಪೂಸಾದ್ದೇ. 2024-25ರಲ್ಲಿ ದೇಶದ ಗೋಧಿ 11 ಕೋಟಿ 70 ಲಕ್ಷ ಟನ್ ದಾಟಿತು.

ಸಮಯವಿದ್ದರೆ ಕಂಝಾವಲಾ ಕಡೆಗೆ, ಹರಿಯಾಣದ ಗಡಿಯ ಹತ್ತಿರ ಇರುವ ಜೌಂತಿ ಎಂಬ ಹಳ್ಳಿಗೂ ಹೋಗಿಬನ್ನಿ. ದಿಲ್ಲಿಯ ಹಳ್ಳಿಯೇ ಅದು. 1964ರಲ್ಲಿ ಸ್ವಾಮಿನಾಥನ್ ಅದನ್ನು ಬೀಜಗ್ರಾಮವಾಗಿ ಆರಿಸಿಕೊಂಡರು. ಪ್ರಯೋಗಾಲಯದ ಹಿಡಿ ಬೀಜವನ್ನು ಲಾರಿಗಟ್ಟಲೆ ಮಾಡಿಕೊಟ್ಟವರು ಆ ಊರಿನ ರೈತರು. ಪುಸ್ತಕಗಳಲ್ಲಿ ವಿಜ್ಞಾನಿಯ ಫೋಟೋ ಇರುತ್ತದೆ, ಜೌಂತಿಯವರದು ಇರುವುದಿಲ್ಲ.

ಇನ್ನು ನಿಮ್ಮ ತಟ್ಟೆಗೆ ಬರೋಣ. ನಮ್ಮ ಮನೆಗಳಲ್ಲಿ ದಿನಕ್ಕೆ ಸೋನಾ ಮಸೂರಿ, ಹಬ್ಬಕ್ಕೋ ನೆಂಟರಿಗೋ ಬಾಸ್ಮತಿ. ಬೇಯಿಸಿದರೆ ಎರಡು ಸೆಂಟಿಮೀಟರ್ ಮೀರಿ ಉದ್ದವಾಗುವ ಆ ಅಕ್ಕಿ ಹೆಚ್ಚಿನಂಶ ಪೂಸಾ ಬಾಸ್ಮತಿ 1121, 2003ರಲ್ಲಿ ಇಲ್ಲಿಂದಲೇ ಹೊರಬಿದ್ದದ್ದು. 2023-24ರಲ್ಲಿ ದೇಶದಿಂದ 50 ಲಕ್ಷ ಟನ್‌ಗೂ ಹೆಚ್ಚು ಬಾಸ್ಮತಿ ರಫ್ತಾಯಿತು. ಅದರಲ್ಲಿ ಪೂಸಾ ತಳಿಗಳದೇ ಮೇಲುಗೈ. ಮಾವಿನ ಕಥೆ ಇನ್ನೂ ರುಚಿ. ದಕ್ಷಿಣದ ನೀಲಂ ಪ್ರತಿ ವರ್ಷ ತಪ್ಪದೆ ಕಾಯಿ ಬಿಡುವ ಮರ. ಲಖನೌ ಕಡೆಯ ದಶೇರಿ ಬಲು ಸಿಹಿ, ಆದರೆ ಒಂದು ವರ್ಷ ಬಿಟ್ಟು ಒಂದು ವರ್ಷ ಫಲ. ಪೂಸಾದವರು ಎರಡಕ್ಕೂ ಸಂಬಂಧ ಬೆಳೆಸಿದರು. 1970ರ ದಶಕದ ಮೊದಲಿಗೆ ಆಮ್ರಪಾಲಿ, ಮಲ್ಲಿಕಾ ಎಂಬ ಎರಡು ತಳಿ ಬಂದವು: ಮಲ್ಲಿಕಾಗೆ ತಾಯಿ ನೀಲಂ, ಆಮ್ರಪಾಲಿಗೆ ತಾಯಿ ದಶೇರಿ. ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಅತ್ತೆ ಕತ್ತರಿಸಿ ಕೊಡುವ ಮಲ್ಲಿಕಾ ಹಣ್ಣು, ನಿಮ್ಮ ಹಾಗೆಯೇ ದಿಲ್ಲಿಯಲ್ಲಿ ಹುಟ್ಟಿದ್ದು.

ಎಲ್ಲವೂ ಹೊಗಳಿಕೆಗೆ ತಕ್ಕದ್ದೇ ಎಂದರೆ ಸುಳ್ಳಾದೀತು. ಪೂಸಾ 44 ಎಂಬ ಭತ್ತ 1993ರಲ್ಲಿ ಬಂತು. ಇಳುವರಿ ಭರ್ಜರಿ, ಪಂಜಾಬಿನ ಕೃಷಿ ವಿಶ್ವವಿದ್ಯಾಲಯ ಶಿಫಾರಸು ಮಾಡದಿದ್ದರೂ ರೈತರು ಅದನ್ನೇ ಹಿಡಿದರು. ಆದರೆ ಅದು ಮಾಗಲು ಐದು ತಿಂಗಳಿಗೂ ಹೆಚ್ಚು ಬೇಕು, ನೀರೂ ಹೆಚ್ಚು ಬೇಕು. ಅಂತರ್ಜಲ ಉಳಿಸಲೆಂದು ಪಂಜಾಬು 2009ರಲ್ಲಿ ಕಾನೂನು ಮಾಡಿ ನಾಟಿಯನ್ನು ಜೂನ್‌ಗೆ ತಳ್ಳಿತು. ಪರಿಣಾಮ ಏನಾಯಿತು ನೋಡಿ: ಕುಯ್ಲು ಅಕ್ಟೋಬರ್ ಕೊನೆಗೆ, ಗೋಧಿ ಬಿತ್ತನೆ ನವೆಂಬರಿಗೆ, ನಡುವೆ ಉಳಿಯುವುದು ಎರಡು ಮೂರು ವಾರ. ಅಷ್ಟರಲ್ಲಿ ಹುಲ್ಲು ಕೂಳೆಗಳನ್ನು ತೆಗೆಯಲು ಸುಲಭ ಉಪಾಯ ಬೆಂಕಿ. ಗಾಳಿ ನಿಲ್ಲುವ ಕಾಲ ಅದು. ಹೊಗೆ ಬರುವುದು ನಮ್ಮ ಮೇಲೆ. ದೀಪಾವಳಿಯ ಆಸುಪಾಸಿನಲ್ಲಿ ನಿಮ್ಮ ಶಾಲೆ ಕಾಲೇಜು ಮುಚ್ಚುವುದಕ್ಕೆ ಮೋಟಾರು, ಧೂಳು, ಕಾರ್ಖಾನೆ ಎಲ್ಲವೂ ಕಾರಣ. ಅದರ ಜೊತೆಗೆ ಈ ಹೊಗೆಯೂ ಒಂದು. ಹೆಚ್ಚು ಬೆಳೆಯಿರಿ ಎಂದು ತಳಿ ಕೊಟ್ಟದ್ದೂ, ಬೆಳೆದದ್ದನ್ನೆಲ್ಲ ಕೊಳ್ಳುತ್ತೇವೆಂದು ಭರವಸೆ ಕೊಟ್ಟದ್ದೂ ದಿಲ್ಲಿಯೇ. ರೈತನನ್ನು ಮಾತ್ರ ಬೈಯುವುದು ನ್ಯಾಯವಲ್ಲ. ಈಗ ಪೂಸಾದವರೇ ಬೇಗ ಮಾಗುವ ತಳಿಗಳನ್ನು ಕೊಡುತ್ತಿದ್ದಾರೆ, ಕೂಳೆ ಕೊಳೆಸುವ ಔಷಧವನ್ನೂ ಮಾಡಿದ್ದಾರೆ.

ಪೂಸಾ ಆವರಣದಲ್ಲೇ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋ ಇದೆ, 1976ರಲ್ಲಿ ಸ್ಥಾಪಿತ. ಅಲ್ಲಿನ ಬೀಜ ಭಂಡಾರದಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಬೀಜ ಮಾದರಿಗಳಿವೆ. ಬೀಜವನ್ನು ಚೆನ್ನಾಗಿ ಒಣಗಿಸಿ, ಅಲ್ಯೂಮಿನಿಯಂ ಲಕೋಟೆಯಲ್ಲಿ ಗಾಳಿಯಾಡದಂತೆ ಮುಚ್ಚಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಇಡುತ್ತಾರೆ. ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ, ಬಿಡಲೂಬಾರದು. ನಿಮ್ಮ ಮುತ್ತಜ್ಜಿ ಬೂದಿ ಬೆರೆಸಿ ಮಡಕೆಯಲ್ಲಿ ಬಿತ್ತನೆ ರಾಗಿ ಇಡುತ್ತಿದ್ದುದನ್ನು ದೊಡ್ಡಪ್ಪ ಕಂಡಿರುತ್ತಾರೆ. ಕೆಲಸ ಅದೇ, ಮಡಕೆ ಮಾತ್ರ ಬೇರೆ. ಇಂಥ ಬೀಜ ಸಂಗ್ರಹದ ಬೆಲೆ ಏನೆಂಬುದಕ್ಕೆ ನಮ್ಮ ರಾಗಿಯೇ ಸಾಕ್ಷಿ. "ರಾಗಿ ಲಕ್ಷ್ಮಣಯ್ಯ" ಎಂದೇ ಹೆಸರಾದ ವಿಜ್ಞಾನಿ ಮಂಡ್ಯದ ವಿ.ಸಿ. ಫಾರಂನಲ್ಲಿ ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾ ಮತ್ತು ಆಫ್ರಿಕಾ ಸೇರಿ ಇಂಡಾಫ್. ದೊಡ್ಡಪ್ಪನಿಗೆ ಆ ಹೆಸರು ಹೇಳಿ, ಮುಖ ಅರಳುತ್ತದೆ.

ಪೂಸಾದಿಂದ ನಾರಾಯಣಾ ದೂರವಿಲ್ಲ. ಅಲ್ಲಿ ಭಾರತ ಆಹಾರ ನಿಗಮದ, ಎಂದರೆ ಎಫ್.ಸಿ.ಐ.ನ ದೊಡ್ಡ ಗೋದಾಮಿದೆ. ನಿಗಮ ಕೆಲಸ ಶುರು ಮಾಡಿದ್ದು 1965ರ ಜನವರಿ 14ರಂದು ತಂಜಾವೂರಿನಲ್ಲಿ, ಸಂಕ್ರಾಂತಿಯ ದಿನ. ಪಂಜಾಬಿನ ಧಾನ್ಯ ರೈಲಿನಲ್ಲಿ ದಕ್ಷಿಣಕ್ಕೂ ಈಶಾನ್ಯಕ್ಕೂ ಹೋಗುವುದು ಇದರ ಮೂಲಕ. ನೋಡಲು ಎತ್ತರದ ಗೋಡೆ, ಲಾರಿಗಳ ಸಾಲು, ಪಾರಿವಾಳ, ಅಷ್ಟೇ. ಆದರೆ 2023ರ ಜೂನ್‌ನಲ್ಲಿ ಕರ್ನಾಟಕದ ರಾಜಕೀಯವೆಲ್ಲ ಇಂಥ ಗೋದಾಮುಗಳ ಸುತ್ತಲೇ ತಿರುಗಿತು. ಅನ್ನಭಾಗ್ಯಕ್ಕೆ ಹೆಚ್ಚಿನ ಅಕ್ಕಿ ಬೇಕೆಂದು ರಾಜ್ಯ ಕೇಳಿತು, ನಿಗಮ ಮೊದಲು ಒಪ್ಪಿತು. ಮರುದಿನವೇ ಕೇಂದ್ರ ರಾಜ್ಯಗಳಿಗೆ ಮುಕ್ತ ಮಾರಾಟ ನಿಲ್ಲಿಸಿತು. ಬೆಲೆ ಏರಿಕೆ ತಡೆಯಲು ದಾಸ್ತಾನು ಬೇಕೆಂಬುದು ಕೇಂದ್ರದ ವಾದ, ಇದು ರಾಜಕೀಯ ಎಂಬುದು ರಾಜ್ಯದ ವಾದ. ಕೊನೆಗೆ ಜುಲೈಯಿಂದ ರಾಜ್ಯ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. 2025ರಲ್ಲಿ ಮತ್ತೆ ಅಕ್ಕಿ ಕೊಡುವ ಏರ್ಪಾಡಾಯಿತು. ನಿಮ್ಮ ಊರಿನ ನ್ಯಾಯಬೆಲೆ ಅಂಗಡಿಯ ತಕ್ಕಡಿಗೂ ದಿಲ್ಲಿಯ ಒಂದು ಆದೇಶಕ್ಕೂ ನಡುವೆ ಇರುವ ಹಗ್ಗ ಎಷ್ಟು ಬಿಗಿ ಎಂಬುದು ಅಂದು ಕಂಡಿತು.

ಅಷ್ಟರಲ್ಲಿ ಸಂಜೆಯಾಗಿರುತ್ತದೆ. ಆಜಾದ್‌ಪುರ ಮಂಡಿಗೆ ಹೋಗುವುದಾದರೆ ಮರುದಿನ ಬೆಳಗಿನ ಜಾವ ಏಳಬೇಕು. ಅದು ದಿಲ್ಲಿ ಸರಕಾರದ ಮಾರುಕಟ್ಟೆ, ಮಂತ್ರಾಲಯದ್ದಲ್ಲ. ಆದರೂ ದೇಶದ ಬೆಲೆಗಳ ನಾಡಿ ಹಿಡಿದು ನೋಡುವ ಜಾಗ. ಕೆಸರಿದೆ, ವಾಸನೆಯಿದೆ, ಕೂಗಾಟವಿದೆ, ಹಳೆಯ ಚಪ್ಪಲಿ ಹಾಕಿಕೊಂಡು ಹೋಗಿ. ಟೊಮೇಟೊ ವಿಭಾಗಕ್ಕೆ ಬಂದರೆ ಕೆ.ಎ. ನಂಬರಿನ ಲಾರಿ ಸಿಕ್ಕರೂ ಸಿಗಬಹುದು. ಉತ್ತರದಲ್ಲಿ ಬೆಳೆ ಇಲ್ಲದ ತಿಂಗಳುಗಳಲ್ಲಿ ಕೋಲಾರದ ಟೊಮೇಟೊ ಎರಡು ಸಾವಿರ ಕಿಲೋಮೀಟರ್ ದಾಟಿ ಇಲ್ಲಿಗೆ ಬರುತ್ತದೆ. 2023ರ ಜುಲೈನಲ್ಲಿ ಬೆಲೆ ಆಕಾಶಕ್ಕೇರಿದಾಗ ಕೇಂದ್ರದ ಸಹಕಾರಿ ಸಂಸ್ಥೆಗಳು ಕೋಲಾರ, ಮದನಪಲ್ಲಿ ಕಡೆಗಳಿಂದ ಕೊಂಡು ತಂದು ದಿಲ್ಲಿಯ ಬೀದಿಗಳಲ್ಲಿ ವ್ಯಾನು ನಿಲ್ಲಿಸಿ ಕಿಲೋಗೆ 90 ರೂಪಾಯಿಯಂತೆ ಮಾರಿದವು, ಆಮೇಲೆ 80, ಆಮೇಲೆ 70. ನಿಮ್ಮ ಅಮ್ಮ ಆ ಸಾಲಿನಲ್ಲಿ ನಿಂತಿದ್ದರೆ ಸಾರಿಗೆ ಹಾಕಿದ್ದು ನಮ್ಮೂರಿನ ಹಣ್ಣೇ. ದೊಡ್ಡಪ್ಪ ಮಾತ್ರ ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಬೆಲೆ ಏರಿದಾಗ ವ್ಯಾನು ಕಳಿಸುವವರು, ಬೆಲೆ ಬಿದ್ದು ರಸ್ತೆಗೆ ಸುರಿಯುವಾಗ ಎಲ್ಲಿರುತ್ತಾರೆ? ಇದಕ್ಕೆ ಕೃಷಿ ಭವನದಲ್ಲೂ ನೇರ ಉತ್ತರ ಸಿಗಲಾರದು.

ಒಂದು ಮಾತು ನೀವು ಹೆಮ್ಮೆಯಿಂದಲೇ ಹೇಳಬಹುದು. ಮಂಡಿಯ ಹರಾಜನ್ನು ಕಂಪ್ಯೂಟರಿಗೆ ತಂದು, ದೂರದ ವರ್ತಕನೂ ಬೆಲೆ ಕೂಗುವಂತೆ ಮಾಡುವ ಕೆಲಸ 2014ರಲ್ಲಿ ಮೊದಲು ದೊಡ್ಡದಾಗಿ ನಡೆದದ್ದು ಕರ್ನಾಟಕದ ಎ.ಪಿ.ಎಂ.ಸಿ.ಗಳಲ್ಲಿ. ಅದನ್ನು ನೋಡಿಯೇ ಕೇಂದ್ರ 2016ರ ಏಪ್ರಿಲ್ 14ರಂದು ಇ-ನಾಮ್ ಶುರು ಮಾಡಿತು, ಈಗ 1,400ಕ್ಕೂ ಹೆಚ್ಚು ಮಂಡಿಗಳು ಅದರಲ್ಲಿವೆ.

ಯಾವಾಗ ಹೋಗಬೇಕೆಂದು ಕೇಳುವವರಿಗೆ: ಫೆಬ್ರವರಿ-ಮಾರ್ಚ್ ಹೊತ್ತಿಗೆ ಪೂಸಾದಲ್ಲಿ ಕೃಷಿ ವಿಜ್ಞಾನ ಮೇಳ ನಡೆಯುತ್ತದೆ, ದಿನಾಂಕ ಮೊದಲೇ ಪ್ರಕಟವಾಗುತ್ತದೆ. ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನಗಳಿಂದ ಪಗಡಿ ಕಟ್ಟಿದ ರೈತರು ಬೀಜಕ್ಕಾಗಿ ಸಾಲು ನಿಲ್ಲುತ್ತಾರೆ. ದೊಡ್ಡಪ್ಪನಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ನಡುವೆ ನಿಂತು ಎರಡೂ ಕಡೆಗೆ ಮಾತು ದಾಟಿಸುವವರು ನೀವೇ ಆಗಬೇಕು. ಮೊದಲೇ ಕೆಲವು ಪದ ಕಲಿತುಕೊಳ್ಳಿ: ಅವರ ಖರೀಫ್ ನಮ್ಮ ಮುಂಗಾರು, ಅವರ ರಬಿ ನಮ್ಮ ಹಿಂಗಾರು, ಅವರ ಬೀಘಾ ನಮ್ಮ ಲೆಕ್ಕಕ್ಕೆ ಊರಿಂದೂರಿಗೆ ಬೇರೆ ಬೇರೆ, ಕೇಳಿಯೇ ತಿಳಿಯಬೇಕು. ಮೇಳದ ದಿನ ಸಿಗದಿದ್ದರೆ ಹತ್ತಿರದಲ್ಲೇ ಎನ್.ಎ.ಎಸ್.ಸಿ. ಸಂಕೀರ್ಣದಲ್ಲಿ ರಾಷ್ಟ್ರೀಯ ಕೃಷಿ ವಿಜ್ಞಾನ ವಸ್ತುಸಂಗ್ರಹಾಲಯವಿದೆ, ತಂಗಿ ತಮ್ಮಂದಿರನ್ನೂ ಕರೆದೊಯ್ಯಬಹುದು. ಊರಿಗೆ ಹಿಂತಿರುಗಿದ ಮೇಲೆ ಬೆಳೆಗೆ ಏನಾದರೂ ರೋಗ ಬಂದರೆ ದೊಡ್ಡಪ್ಪ 1800-180-1551ಕ್ಕೆ ಫೋನು ಮಾಡಲಿ. 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರ್ ಅದು, ಕಾಸು ಬೀಳುವುದಿಲ್ಲ. ಕನ್ನಡದಲ್ಲೇ ಕೇಳಬಹುದು, ಕನ್ನಡದಲ್ಲೇ ಉತ್ತರ.